ಹಿಂದೆ ಅಂದ್ರೆ ಯಾವ ಪುಟದಲ್ಲಿ?

ಮಗಳಿಗೆ ಈಗ ಆರು ವರ್ಷ. ಚಿತ್ರಪುಸ್ತಕ ಕೈಗೆ ಸಿಕ್ಕರೆ ಅವಳು ಮೊದಲು ಮಾಡುವುದು ಎಣಿಕೆ. ಕೊಂಬೆಯ ಮೇಲೆ ಹಕ್ಕಿ ಎಷ್ಟು, ಹುಡುಗನ ಅಂಗಿಗೆ ಗುಂಡಿ ಎಷ್ಟು, ಹಿಂದಿನ ಪುಟದಲ್ಲಿ ನಾಲ್ಕಿದ್ದ ಗುಂಡಿ ಇಲ್ಲಿ ಮೂರಾದದ್ದು ಹೇಗೆ. ನಾನು ಕಥೆಯ ಹಿಂದೆ ಓಡುತ್ತಿರುವಾಗ ಅವಳು ಪುಟದ ಯಾವುದೋ ಮೂಲೆಯಲ್ಲಿ ಕೂತುಬಿಟ್ಟಿರುತ್ತಾಳೆ. ಇನ್ನೂ ಓದಲು ಬಾರದ ಮಕ್ಕಳು ಚಿತ್ರವನ್ನು ನೋಡುವಷ್ಟು ಗಟ್ಟಿಯಾಗಿ ಓದು ಕಲಿತ ನಾವು ಯಾವುದನ್ನೂ ನೋಡುವುದಿಲ್ಲ. ನಮ್ಮ ಕಣ್ಣು ಅಕ್ಷರಕ್ಕೆ ಜಾರುತ್ತದೆ, ಅಕ್ಷರ ಮುಗಿದೊಡನೆ ಕೈ ಪುಟ ಮಗುಚುತ್ತದೆ.

ಏಳು ತಿಂಗಳಿಂದ ಅವಳಿಗಾಗಿ ನಾನೊಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. ದಪ್ಪ ಡ್ರಾಯಿಂಗ್ ಹಾಳೆಗಳನ್ನು ಮಡಿಸಿ, ನಡುವೆ ದಾರ ಹಾಕಿ ಕೈಯಲ್ಲೇ ಹೊಲಿದದ್ದು. ಸೈಕಲ್ ರೇಸಿನ ಕಥೆ. ಆಗಷ್ಟೇ ಅವಳು ಪಕ್ಕದ ಪುಟ್ಟ ಚಕ್ರಗಳನ್ನು ಬಿಚ್ಚಿಸಿಕೊಂಡು ಎರಡೇ ಚಕ್ರದ ಮೇಲೆ ಕಲಿಯುತ್ತಿದ್ದಳು. ಬಿದ್ದಾಗಲೆಲ್ಲ ಸೈಕಲ್ಲನ್ನು ಅಲ್ಲೇ ಬಿಟ್ಟು ಒಳಗೆ ಬಂದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಪಟ್ಟು ಬಿಡಬಾರದು ಅನ್ನುವುದನ್ನು ಬಾಯಲ್ಲಿ ಹೇಳಿ ಸುಖವಿಲ್ಲ, ಕಥೆಯಲ್ಲಿ ಹೇಳೋಣ ಎಂದುಕೊಂಡೆ.

ಮೊದಲ ಕರಡು ಎರಡು ವಾರದಲ್ಲಿ ಮುಗಿಯಿತು. ಹನ್ನೆರಡು ಸೈಕಲ್ಲುಗಳು ಗೆರೆಯ ಹಿಂದೆ ನಿಂತಿವೆ. ಸೀಟಿ ಊದುತ್ತಾರೆ. ಕೆಂಪು ಸೈಕಲ್ಲಿನ ಹುಡುಗಿ ಬೀಳುತ್ತಾಳೆ, ಏಳುತ್ತಾಳೆ, ತುಳಿಯುತ್ತಾಳೆ, ಒಬ್ಬೊಬ್ಬರನ್ನೇ ಹಿಂದೆ ಹಾಕಿ ಗೆಲ್ಲುತ್ತಾಳೆ. ಕೊನೆಯ ಪುಟದಲ್ಲಿ ರಿಬ್ಬನ್ನು, ಚಪ್ಪಾಳೆ, ಮೇಲಕ್ಕೆತ್ತಿದ ಎರಡು ಕೈ. ಅವಳ ಬೆನ್ನ ಹಿಂದೆ ಮೂರು ಸೈಕಲ್ ಬರೆದಿದ್ದೆ. ಉಳಿದ ಜಾಗ ಅಷ್ಟೇ ಇತ್ತು.

ಮಗಳು ಕೊನೆಯ ಪುಟ ನೋಡಿದಳು. ಮೊದಲ ಪುಟಕ್ಕೆ ಹೋದಳು. ಮತ್ತೆ ಕೊನೆಗೆ ಬಂದಳು.

"ಅಮ್ಮಾ, ಅಲ್ಲಿ ಹನ್ನೆರಡು ಜನ ಇದ್ರು. ಇಲ್ಲಿ ನಾಲ್ಕೇ ಜನ. ಮಿಕ್ಕವರೆಲ್ಲ ಎಲ್ಲಿ?"

"ಹಿಂದೆ ಬರ್ತಾ ಇದ್ದಾರೆ ಪುಟ್ಟಾ."

"ಹಿಂದೆ ಅಂದ್ರೆ ಯಾವ ಪುಟದಲ್ಲಿ?"

ಅಂಥ ಪುಟ ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. ಅವಳು ಕೇಳಿದ ಮೇಲೆ ಇನ್ನೊಂದು ಕೊರತೆಯೂ ಕಣ್ಣಿಗೆ ಬಿತ್ತು. ಬಿದ್ದ ಹುಡುಗಿ ಎದ್ದದ್ದಕ್ಕೂ ನಾನು ಪುಟ ಕೊಟ್ಟಿರಲಿಲ್ಲ. ಎಡಪುಟದಲ್ಲಿ ಬಿದ್ದಿದ್ದಾಳೆ, ಬಲಪುಟದಲ್ಲಿ ಎಲ್ಲರಿಗಿಂತ ಮುಂದಿದ್ದಾಳೆ. ಯಾವುದನ್ನು ಹೇಳಬೇಕೆಂದು ಪುಸ್ತಕಕ್ಕೆ ಕೂತಿದ್ದೆನೋ ಅದು ಎರಡು ಪುಟಗಳ ನಡುವಿನ ಹೊಲಿಗೆಯಲ್ಲಿ ಸಿಕ್ಕಿಕೊಂಡು ಕಾಣದೇ ಹೋಗಿತ್ತು.

ಆಮೇಲೆ ಮನೆಯಲ್ಲಿದ್ದ ಮಕ್ಕಳ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತು ನೋಡಿದೆ. ಸ್ಪರ್ಧೆಯ ಕಥೆಗಳಲ್ಲಿ ಹೆಚ್ಚಿನವು ನನ್ನ ಕರಡಿನ ಹಾಗೇ ಇವೆ. ಆಮೆ ಮೊಲದ ಕಥೆಯನ್ನೇ ತೆಗೆದುಕೊಳ್ಳಿ. ನಿಧಾನವಾಗಿ ನಡೆದರೂ ಬಿಡದೆ ನಡೆದರೆ ಗೆಲುವು ಎಂದು ಅದನ್ನು ತಲೆತಲಾಂತರದಿಂದ ಹೇಳುತ್ತಾ ಬಂದಿದ್ದೇವೆ. ಆದರೆ ಆಮೆ ಗೆದ್ದದ್ದು ಮೊಲ ಮಲಗಿದ್ದರಿಂದ. ಮೊಲ ನಿದ್ದೆ ಮಾಡದೆ ಓಡಿದ್ದರೆ ಅದೇ ಆಮೆ, ಅದೇ ನಡಿಗೆ, ಅದೇ ಬೆವರು, ಆದರೆ ಕಥೆಯೇ ಇರುತ್ತಿರಲಿಲ್ಲ. ಸೈಕಲ್ ರೇಸಿನಲ್ಲಿ ಯಾರೂ ದಾರಿಯಲ್ಲಿ ಮಲಗುವುದಿಲ್ಲ. ಎಲ್ಲರೂ ತುಳಿಯುತ್ತಿರುತ್ತಾರೆ, ಒಬ್ಬರು ಗೆಲ್ಲುತ್ತಾರೆ. ಬಿಡದೆ ತುಳಿದ ಉಳಿದವರಿಗೆ ಏನು ಹೇಳೋಣ? ನಾಳೆ ನನ್ನ ಮಗಳು ಬಿಡದೆ ಯತ್ನಿಸಿಯೂ ಏಳನೆಯವಳಾಗಿ ಬಂದರೆ, ಆ ಪುಸ್ತಕ ತನಗೆ ಸುಳ್ಳು ಹೇಳಿತು ಎಂದುಕೊಂಡರೆ ತಪ್ಪೇನಿದೆ?

ಅಚ್ಚಾಗುವ ಚಿತ್ರಪುಸ್ತಕಗಳಿಗೆ ಬಹುಮಟ್ಟಿಗೆ 32 ಪುಟ. ದೊಡ್ಡ ಹಾಳೆಯನ್ನು ಮಡಿಸುತ್ತಾ ಹೋದರೆ 8, 16, 32 ಎಂದು ಪುಟಗಳು ಬೀಳುತ್ತವೆ, ಅದರ ಲೆಕ್ಕ ಅದು. ಹೆಸರಿನ ಪುಟ, ಮೊದಲ ಕೊನೆಯ ಹಾಳೆಗಳನ್ನು ಕಳೆದರೆ ಕಥೆಗೆ ಉಳಿಯುವುದು ಹನ್ನೆರಡು ಹದಿನಾಲ್ಕು ಜೋಡಿಪುಟ. ಅಷ್ಟರಲ್ಲಿ ದಿನಗಟ್ಟಲೆ ತುಳಿಯುವ ದಾರಿಯನ್ನು ತೋರಿಸಬೇಕು. ಅದಕ್ಕೇ ಎಲ್ಲರೂ ಶುರು ಮತ್ತು ಕೊನೆಯನ್ನು ದೊಡ್ಡದಾಗಿ ಬರೆದು ನಡುವನ್ನು ಹಾರಿಸಿಬಿಡುತ್ತಾರೆ. ನಾನು ತಲೆಕೆಳಗು ಮಾಡಿದೆ: ಶುರುವಿಗೆ ಒಂದು ಜೋಡಿಪುಟ, ಕೊನೆಗೆ ಒಂದು, ಉಳಿದದ್ದೆಲ್ಲ ನಡುದಾರಿಗೆ.

ಈ ನಡುದಾರಿಯಲ್ಲಿ ಏನೇನು ಆಗುತ್ತದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಿಜದ ರೇಸುಗಳ ಕಥೆ. ಫ್ರಾನ್ಸ್ ದೇಶದ ಸುತ್ತ ದಿನಗಟ್ಟಲೆ ನಡೆಯುವ ಸೈಕಲ್ ರೇಸು, ಟೂರ್ ದ ಫ್ರಾನ್ಸ್, ಮೊದಲ ಸಲ ನಡೆದದ್ದು 1903ರಲ್ಲಿ. ದಾರಿ 2428 ಕಿಲೋಮೀಟರ್, ಅದನ್ನು ಬರೀ ಆರು ಹಂತಗಳಾಗಿ ಒಡೆದಿದ್ದರು. ಒಂದೊಂದು ಹಂತವೂ ಹಗಲು ರಾತ್ರಿ ಸೇರಿಸಿ ತುಳಿಯಬೇಕಾದಷ್ಟು ಉದ್ದ. ಹೊರಟವರು 60 ಜನ, ಪ್ಯಾರಿಸ್ ಮುಟ್ಟಿದವರು 21. ಗೆದ್ದ ಮೊರಿಸ್ ಗಾರಾಂ ಹೆಸರು ಎಲ್ಲ ಕಡೆ ಸಿಗುತ್ತದೆ. ನಾನು ಹುಡುಕಿದ್ದು ಇಪ್ಪತ್ತೊಂದನೆಯವನನ್ನು. ಅವನ ಹೆಸರು ಆರ್ಸೆನ್ ಮಿಲೊಷೊ. ಒಟ್ಟು ಸಮಯದ ಲೆಕ್ಕದಲ್ಲಿ ಗಾರಾಂಗಿಂತ 64 ಗಂಟೆಗೂ ಹೆಚ್ಚು ಹಿಂದೆ. ಆ ಹೆಚ್ಚಿನ ಅಷ್ಟೂ ಗಂಟೆ ಅವನು ಕಲ್ಲುದಾರಿಯಲ್ಲಿ, ಭಾರದ ಸೈಕಲ್ಲಿನ ಮೇಲೆ ಇದ್ದ. ಗೆದ್ದವನಿಗಿಂತ ಹೆಚ್ಚು ಹೊತ್ತು ರೇಸ್ ಮಾಡಿದವನು ಅವನು ಎಂದು ಮಗಳಿಗೆ ಹೇಳಿದಾಗ ಅವಳ ಹುಬ್ಬು ಮೇಲೇರಿತು.

ಕೊನೆಯವನಿಗೆ ಅಲ್ಲೊಂದು ಹೆಸರೂ ಇದೆ: ಲಾಂತೆರ್ನ್ ರೂಜ್, ಎಂದರೆ ಕೆಂಪು ಲಾಂದ್ರ. ರೈಲಿನ ಕಟ್ಟಕಡೆಯ ಬೋಗಿಗೆ ತೂಗುಹಾಕುತ್ತಿದ್ದ ದೀಪದಿಂದ ಬಂದದ್ದು. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ದೀಪದ ಕೆಲಸವೇನು ಗೊತ್ತೇ? ರೈಲು ಹಾದುಹೋದಾಗ ನಿಲ್ದಾಣದವರು ಅದನ್ನು ಹುಡುಕಿ ನೋಡುತ್ತಾರೆ. ದೀಪ ಕಂಡರೆ ರೈಲು ಇಡಿಯಾಗಿ ಬಂದಿದೆ, ನಡುವೆ ಯಾವ ಬೋಗಿಯೂ ಕಳಚಿಕೊಂಡು ದಾರಿಯಲ್ಲಿ ಉಳಿದಿಲ್ಲ ಎಂದರ್ಥ. ಅದು ಕಂಡ ಮೇಲೆಯೇ ಹಿಂದೆ ಬರುವ ರೈಲಿಗೆ ದಾರಿ. ನನ್ನ ಮಗಳು ಬೆರಳಿಟ್ಟು ಎಣಿಸುತ್ತಿದ್ದುದೂ ಇದನ್ನೇ ಅಲ್ಲವೇ? ಹನ್ನೆರಡನೆಯ ಸೈಕಲ್ ಕಾಣುವ ತನಕ ಅವಳ ಪಾಲಿಗೆ ರೇಸು ಮುಗಿದಿರಲಿಲ್ಲ.

ವಿಮ್ ವ್ಯಾನ್‌ಸೆವೆನಾಂಟ್ ಎಂಬ ಬೆಲ್ಜಿಯಮ್ಮಿನ ಸವಾರ 2006, 2007, 2008, ಮೂರು ವರ್ಷ ಸಾಲಾಗಿ ಟೂರ್‌ನಲ್ಲಿ ಕೊನೆಯವನಾದ. ಸುಮ್ಮನೆ ಓದಿದರೆ ಸೋಲಿನ ಹಾಗೆ ಕೇಳಿಸುತ್ತದೆ. ತಂಡದ ನಾಯಕನಿಗೆ ನೀರಿನ ಬಾಟಲಿ ತಂದುಕೊಡುವುದು, ಅವನ ಮುಂದೆ ನಿಂತು ಗಾಳಿ ತಡೆಯುವುದು ಅಂಥವರ ಕೆಲಸ. ಆ ಕೆಲಸ ಮುಗಿಸಿ, ತಮ್ಮ ಪಾಲಿನ ಬೆಟ್ಟಗಳನ್ನೂ ಏರಿ, ಸಮಯದ ಗಡುವಿನೊಳಗೆ ಬಂದು ಮುಟ್ಟಬೇಕು. ಗಡುವು ಮೀರಿದರೆ ಮರುದಿನ ಹೊರಡುವಂತಿಲ್ಲ. ಹಾಗಾಗಿ ಕೊನೆಯವನೆಂದರೆ ದಾರಿಯಲ್ಲಿ ಬಿಟ್ಟುಹೋದ ಎಲ್ಲರಿಗಿಂತ ಮುಂದಿನವನು.

ಗಾಳಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಚಿತ್ರ ಬರೆಯುವಾಗ ನನಗೆ ಬಹಳ ಬೇಕಾದದ್ದು ಅದು. ಗುಂಪಿನ ನಡುವೆ ತುಳಿಯುವವರಿಗೆ ಮುಂದಿನವರ ಬೆನ್ನೇ ಗೋಡೆ. ಅವರ ಶ್ರಮ ಎಷ್ಟೋ ಉಳಿಯುತ್ತದೆ. ಗುಂಪಿನಿಂದ ಕಳಚಿ ಹಿಂದೆ ಬಿದ್ದು ಒಂಟಿಯಾದವಳಿಗೆ ಆ ಮರೆ ಇಲ್ಲ. ದಾರಿಯ ಗಾಳಿಯನ್ನೆಲ್ಲ ಅವಳೊಬ್ಬಳೇ ಸೀಳಬೇಕು. ಹಿಂದೆ ಇರುವವರು ಕಡಿಮೆ ಶ್ರಮ ಪಡುತ್ತಿದ್ದಾರೆ ಎಂದು ದೂರದಿಂದ ನೋಡುವವರಿಗೆ ಅನ್ನಿಸುತ್ತದೆ, ನಿಜ ಎಷ್ಟೋ ಸಲ ತಿರುಗುಮುರುಗು. ಹಾಗಾಗಿ ಪುಸ್ತಕದಲ್ಲಿ ಗುಂಪು ಹೋಗುವ ಪುಟದಲ್ಲಿ ಹುಲ್ಲನ್ನು ನೆಟ್ಟಗೆ ಬರೆದೆ. ಕೆಂಪು ಸೈಕಲ್ಲಿನ ಹುಡುಗಿ ಒಂಟಿಯಾದ ಪುಟದಲ್ಲಿ ಹುಲ್ಲೆಲ್ಲ ಅವಳ ಕಡೆಗೆ ಬಾಗಿದೆ. ಮಗಳು ಅದನ್ನು ಗುರುತಿಸಿದಳು. ಬಾಗಿದ ಹುಲ್ಲಿನ ಮೇಲೆ ಊದಿದಳು.

ನಡುದಾರಿಯ ಅತಿ ದೊಡ್ಡ ಕಥೆ ಯುಜೆನ್ ಕ್ರಿಸ್ತೋಫ್‌ನದು. 1913ರ ಟೂರ್. ಪಿರನೀಸ್ ಪರ್ವತಸಾಲಿನ ಟುರ್ಮಲೆ ಕಣಿವೆದಾರಿ, 2115 ಮೀಟರ್ ಎತ್ತರ. ಅದರ ಇಳಿಜಾರಿನಲ್ಲಿ ಅವನ ಸೈಕಲ್ಲಿನ ಫೋರ್ಕು, ಎಂದರೆ ಮುಂದಿನ ಚಕ್ರವನ್ನು ಹಿಡಿದಿಡುವ ಕವಲುಕಬ್ಬಿಣ, ಮುರಿಯಿತು. ಗೆಲ್ಲುವ ಅವಕಾಶ ಇದ್ದವನು. ಬೇರೆ ಸೈಕಲ್ ತೆಗೆದುಕೊಳ್ಳುವಂತಿಲ್ಲ, ಯಾರ ಸಹಾಯವನ್ನೂ ಪಡೆಯುವಂತಿಲ್ಲ, ಆಗಿನ ನಿಯಮ ಹಾಗಿತ್ತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸಾಂತ್ ಮರಿ ದ ಕಾಂಪಾನ್ ಎಂಬ ಹಳ್ಳಿ ಸೇರಿದ. ಅಲ್ಲೊಂದು ಕುಲುಮೆ. ಕಮ್ಮಾರ ಕೈ ಹಚ್ಚುವಂತಿಲ್ಲ, ಬಾಯಲ್ಲಿ ಹೇಳಿಕೊಡಬಹುದು ಅಷ್ಟೇ. ಕ್ರಿಸ್ತೋಫ್ ತಾನೇ ಕಬ್ಬಿಣ ಕಾಯಿಸಿ, ಬಡಿದು, ಬೆಸೆದು, ಗಂಟೆಗಟ್ಟಲೆ ಕೂತು ಫೋರ್ಕು ಸರಿಮಾಡಿಕೊಂಡ. ರೇಸಿನ ಅಧಿಕಾರಿಗಳು ಪಕ್ಕದಲ್ಲೇ ನಿಂತು ಕಾಯುತ್ತಿದ್ದರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಕಾದ ಕಬ್ಬಿಣ. ತಿದಿ ಒತ್ತಲು ಮೂರನೆಯ ಕೈ ಎಲ್ಲಿಂದ ಬರಬೇಕು? ಅಲ್ಲಿದ್ದ ಒಬ್ಬ ಪುಟ್ಟ ಹುಡುಗ ತಿದಿ ಒತ್ತಿದ. ಅದು ಸಹಾಯ ಪಡೆದಂತಾಯಿತು ಎಂದು ಕ್ರಿಸ್ತೋಫ್‌ಗೆ ಹತ್ತು ನಿಮಿಷದ ದಂಡ ಹಾಕಿದರು. ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರಂತೆ. ಅವನು ಮತ್ತೆ ಸೈಕಲ್ ಏರಿ ಹೊರಟ, ಪ್ಯಾರಿಸ್ ಮುಟ್ಟಿದ, ಏಳನೆಯವನಾಗಿ.

1919ರಲ್ಲಿ, ಟೂರ್‌ನ ಮುಂಚೂಣಿಯವನಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ ಶುರುವಾದಾಗ, ಅದನ್ನು ಮೊದಲು ತೊಟ್ಟವನು ಇದೇ ಕ್ರಿಸ್ತೋಫ್. ಕೊನೆಗೆ ಎರಡೇ ಹಂತ ಉಳಿದಿದ್ದಾಗ ಮತ್ತೆ ಫೋರ್ಕು ಮುರಿಯಿತು. ಮತ್ತೆ ತಾನೇ ಸರಿಮಾಡಿಕೊಂಡ. ಅವನು ಟೂರ್ ಅನ್ನು ಒಮ್ಮೆಯೂ ಗೆಲ್ಲಲಿಲ್ಲ.

ಈ ಕಥೆಯನ್ನು ಮಗಳಿಗೆ ಹೇಳುವಾಗ ದಂಡದ ವಿಷಯ ಬಿಟ್ಟುಬಿಡೋಣ ಎಂದಿದ್ದೆ. ಆರು ವರ್ಷದ ಮಗುವಿಗೆ ಇಷ್ಟು ಅನ್ಯಾಯ ಯಾಕೆ ಎಂದು. ಬಾಯಿತಪ್ಪಿ ಹೇಳಿಬಿಟ್ಟೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಅವಳ ಪ್ರಶ್ನೆ ಬಂದದ್ದು ಕ್ರಿಸ್ತೋಫ್‌ನ ಬಗ್ಗೆ ಅಲ್ಲ.

"ಆ ಹುಡುಗನಿಗೆ ಯಾರಾದ್ರೂ ಬೈದ್ರಾ?"

ಬೈದಿರಲಾರರು ಎಂದೆ. ಸರಿ, ಹಾಗಾದರೆ ಅವನೂ ಪುಸ್ತಕದಲ್ಲಿ ಇರಲಿ ಎಂದಳು. ಪುಟ 19ರಲ್ಲಿ ಈಗ ಒಬ್ಬ ಹುಡುಗ ಇದ್ದಾನೆ. ನನ್ನ ಕಥೆಯಲ್ಲಿ ಕುಲುಮೆ ಇಲ್ಲ, ಸೈಕಲ್ಲಿಗೆ ಗಾಳಿ ಹಾಕುವ ಪಂಪು ಇದೆ. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದು, ಪಾದದ ತುದಿಯಲ್ಲಿ ನಿಂತು, ಇಡೀ ಮೈಯ ಭಾರ ಹಾಕಿ ಒತ್ತುತ್ತಿದ್ದಾನೆ. ಬಿಡದೆ ಯತ್ನಿಸುವುದೆಂದರೆ ಒಬ್ಬಂಟಿಯಾಗಿ ಹಲ್ಲು ಕಚ್ಚುವುದು ಎಂದು ಇಷ್ಟು ದಿನ ನಂಬಿದ್ದೆ. ಆ ಪುಟ ಬರೆದ ಮೇಲೆ ನಂಬಿಕೆ ಸಡಿಲವಾಗಿದೆ.

ನಡೆದುಹೋಗುವ ಪುಟವನ್ನು ಬರೆಯಲು ನನಗೆ ಮೂರು ವಾರ ಬೇಕಾಯಿತು. ಜೋಡಿಪುಟದ ತುಂಬ ಸುತ್ತಿ ಸುತ್ತಿ ಇಳಿಯುವ ಒಂದೇ ದಾರಿ. ಮೇಲೆ ಎಡಮೂಲೆಯಲ್ಲಿ, ಉಗುರಿನಷ್ಟು ಚಿಕ್ಕದಾಗಿ, ಸೈಕಲ್ ಹೊತ್ತ ಹುಡುಗಿ. ಒಂದು ಅಕ್ಷರವೂ ಇಲ್ಲ. ದೊಡ್ಡವರು ಈ ಪುಟವನ್ನು ಎರಡು ಕ್ಷಣದಲ್ಲಿ ಮಗುಚುತ್ತಾರೆ, ಕೊಟ್ಟು ನೋಡಿದ್ದೇನೆ. ಮಗಳು ಮಾತ್ರ ತೋರುಬೆರಳು ಮಧ್ಯದ ಬೆರಳು ಎರಡನ್ನೂ ಕಾಲು ಮಾಡಿಕೊಂಡು ದಾರಿಯುದ್ದಕ್ಕೂ ನಡೆಯುತ್ತಾಳೆ. ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾಳೆ. ಕೆಳಗಿನ ಬಲಮೂಲೆ ಮುಟ್ಟುವ ತನಕ ಪುಟ ಮಗುಚಲು ಬಿಡುವುದಿಲ್ಲ.

2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ, ಎಂಐಟಿಯ ಜೂಲಿಯಾ ಲೆನಾರ್ಡ್ ಮತ್ತು ಜೊತೆಯವರ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಹದಿನೈದು ತಿಂಗಳ ಕೂಸುಗಳು. ಕೆಲವರ ಮುಂದೆ ದೊಡ್ಡವರೊಬ್ಬರು ಡಬ್ಬಿಯೊಳಗಿನ ಆಟಿಕೆಯನ್ನು ತೆಗೆಯಲು ಒದ್ದಾಡಿ, ಮತ್ತೆ ಮತ್ತೆ ಯತ್ನಿಸಿ, ಕೊನೆಗೆ ತೆಗೆದರು. ಇನ್ನು ಕೆಲವರ ಮುಂದೆ ಸಲೀಸಾಗಿ ತೆಗೆದರು. ಆಮೇಲೆ ಕೂಸುಗಳ ಕೈಗೆ ಒಂದು ಹೊಸ ಆಟಿಕೆ ಕೊಟ್ಟರು. ಅದರ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಒದ್ದಾಟ ನೋಡಿದ ಕೂಸುಗಳು ಆ ಗುಂಡಿಯನ್ನು ಹೆಚ್ಚು ಸಲ ಒತ್ತಿದವು. ಇನ್ನೂ ಮಾತೇ ಬಾರದ ಮಕ್ಕಳು ದೊಡ್ಡವರ ಒದ್ದಾಟವನ್ನು ಕಂಡು ಕಲಿಯುತ್ತಿದ್ದರು. ನಾವೋ, ಮಕ್ಕಳಿಗೆ ಕಾಣದ ಹಾಗೆ ಒದ್ದಾಡಿ ಗೆದ್ದದ್ದನ್ನು ಮಾತ್ರ ತೋರಿಸುತ್ತೇವೆ.

ನಾನು ಸೈಕಲ್ ಬರೆಯುವುದನ್ನು ಕಲಿತದ್ದೂ ಹಾಗೆಯೇ, ಅವಳ ಕಣ್ಣೆದುರು. ಮೊದಲು ಬರೆದ ಸೈಕಲ್ಲುಗಳಲ್ಲಿ ಚೈನನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸೇರಿಸಿ ಎಳೆದಿದ್ದೆ. ಹಾಗೆ ಕಟ್ಟಿದರೆ ಹ್ಯಾಂಡಲ್ಲನ್ನೇ ತಿರುಗಿಸುವಂತಿಲ್ಲ. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ ಎಂದು ಲಿವರ್‌ಪೂಲ್ ವಿಶ್ವವಿದ್ಯಾಲಯದ ರೆಬೆಕಾ ಲಾಸನ್ 2006ರಲ್ಲೇ ಬರೆದಿದ್ದಾರೆ. ದಿನವೂ ಕಾಣುವ ವಸ್ತುವನ್ನೂ ನಾವು ಸರಿಯಾಗಿ ನೋಡಿರುವುದಿಲ್ಲ. ಮಗಳ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಇಬ್ಬರೂ ಅದರ ಮುಂದೆ ಕೂತೆವು. ಬೇಕೆಂದೇ ಚೈನು ಬೀಳಿಸಿದೆ. ಹಿಂದಿನ ಪುಟ್ಟ ಹಲ್ಲುಚಕ್ರಕ್ಕೆ ಮೊದಲು ಕೂರಿಸಬೇಕು. ಆಮೇಲೆ ಪೆಡಲಿನ ಹಲ್ಲುಚಕ್ರಕ್ಕೆ ಒಂದೆರಡು ಕೊಂಡಿ ಸಿಕ್ಕಿಸಿ, ಪೆಡಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಉಳಿದದ್ದು ಟಕಟಕ ಎಂದು ತಾನಾಗಿ ಏರುತ್ತದೆ. ನಾಲ್ಕು ಸಲ ಅವಳ ಕೈಯಲ್ಲಿ ಜಾರಿತು. ಐದನೆಯ ಸಲ ಏರಿತು. ಬೆರಳೆಲ್ಲ ಕಪ್ಪು ಗ್ರೀಸು. ಅದೇ ಬೆರಳಿನಲ್ಲಿ ಪುಸ್ತಕ ಎಳೆದುಕೊಂಡು ಪುಟ 16ರ ದಾರಿಯ ನಡುವೆ ಹೆಬ್ಬೆಟ್ಟು ಒತ್ತಿಬಿಟ್ಟಳು. ಗೆರೆ ಗೆರೆಯಾಗಿ, ಒಂದು ಕಲ್ಲಿನ ಹಾಗೆ. ಅಳಿಸಲಿಲ್ಲ. ಕಥೆಯಲ್ಲಿ ಹುಡುಗಿ ಬೀಳುವುದು ಈಗ ಆ ಕಲ್ಲು ತಾಗಿ.

ಪುಸ್ತಕಕ್ಕೆ ಮಾತು ಹುಡುಕುವುದು ಚಿತ್ರಕ್ಕಿಂತ ಕಷ್ಟವಾಯಿತು. ಛಲ ಅನ್ನೋಣವೆಂದರೆ ಕಣ್ಣ ಮುಂದೆ ದುರ್ಯೋಧನ ಬಂದು ನಿಲ್ಲುತ್ತಾನೆ. ಅದರಲ್ಲಿ ಎದುರಾಳಿಯ ಮೇಲಿನ ಸೆಟೆತ ಇದೆ. ಹಠ ಎನ್ನುವಂತಿಲ್ಲ, ದಿನಾ ಅದನ್ನು ಮಾಡಬೇಡ ಎಂದು ಬೈಯುವವಳೂ ನಾನೇ. ಪರಿಶ್ರಮ, ಸತತ ಪ್ರಯತ್ನ ಇವೆಲ್ಲ ಗೋಡೆಯ ಮೇಲೆ ಬರೆಯುವ ಮಾತು. ಮಲಗುವ ಹೊತ್ತಿನಲ್ಲಿ ಮಗುವಿನ ಕಿವಿಗೆ ಹೇಳುವಂಥದ್ದಲ್ಲ. ಕೊನೆಗೆ ಸಿಕ್ಕಿದ್ದು ಎರಡೇ ಅಕ್ಷರದ ಮಾತು: ಇನ್ನೂ. ಇನ್ನೂ ದೂರ ಇದೆ. ಇನ್ನೂ ಬಂದಿಲ್ಲ. ಇನ್ನೂ ತುಳಿಯುತ್ತಿದ್ದಾಳೆ. ಸುಸ್ತಿಗೂ ಅದೇ ಮಾತು, ಆಸೆಗೂ ಅದೇ ಮಾತು. ನಡುವಿನ ಪುಟಗಳಲ್ಲಿ ಹೆಚ್ಚಿನವಕ್ಕೆ ಇದೊಂದೇ ಪದ ಬರೆದಿದ್ದೇನೆ. ಓದುವಾಗ ಸ್ವರ ಬದಲಾಗುತ್ತದೆ. ಏರಿನ ಪುಟದಲ್ಲಿ ಮಗಳು ಅದನ್ನು "ಇನ್ನೂ...ಊ..." ಎಂದು ಉಸಿರು ಮುಗಿಯುವ ತನಕ ಎಳೆಯುತ್ತಾಳೆ.

ಬಿಟ್ಟುಹೋದವರನ್ನು ಏನು ಮಾಡುವುದು ಎಂಬುದೊಂದು ತೊಡಕು ಉಳಿದಿತ್ತು. ಟೂರ್‌ನಲ್ಲಿ 1910ರಿಂದ ಎಲ್ಲರ ಹಿಂದೆ ಒಂದು ಗಾಡಿ ಬರುತ್ತದೆ. ದಾರಿಯಲ್ಲಿ ಕೈಚೆಲ್ಲಿದವರನ್ನು ಗುಡಿಸಿಕೊಂಡು ಬರುವ ಪೊರಕೆ ಗಾಡಿ. ಎಷ್ಟೋ ವರ್ಷ ಅದಕ್ಕೆ ನಿಜಕ್ಕೂ ಒಂದು ಪೊರಕೆ ಕಟ್ಟಿರುತ್ತಿದ್ದರು. ಹೆಸರು ನನಗೆ ಒಗ್ಗಲಿಲ್ಲ. ಮೊಣಕಾಲು ಊದಿಕೊಂಡವಳು, ಜ್ವರ ಬಂದವನು ಗಾಡಿ ಹತ್ತಿದರೆ ಅವರು ಕಸವೇ? ಇಟಲಿಯ ಅಲ್ಫೋನ್ಸಿನಾ ಸ್ತ್ರಾದಾ ಆ ದೇಶದ ದೊಡ್ಡ ಸೈಕಲ್ ರೇಸಾದ ಜಿರೋ ದಿತಾಲಿಯಾದಲ್ಲಿ 1924ರಲ್ಲಿ ಗಂಡಸರ ಜೊತೆ ತುಳಿದ ಹೆಂಗಸು. 3613 ಕಿಲೋಮೀಟರ್, ಹೊರಟವರು 90. ದಾರಿಯಲ್ಲಿ ಹ್ಯಾಂಡಲ್ಲು ಮುರಿದಾಗ ಪೊರಕೆಯ ಹಿಡಿಯ ಕೋಲು ಸಿಕ್ಕಿಸಿಕೊಂಡು ಮುಂದೆ ಹೋದಳು. ಗಡುವು ಮೀರಿತು ಎಂದು ಲೆಕ್ಕದಿಂದ ಕೈಬಿಟ್ಟರೂ, ಜೊತೆಗೆ ತುಳಿಯಲು ಬಿಟ್ಟರು, ಆಕೆ ಮಿಲಾನ್ ತನಕ ತುಳಿದಳು. ಅಧಿಕೃತ ಪಟ್ಟಿಯಲ್ಲಿ ಇರುವುದು 30 ಹೆಸರು. ಆಕೆಯದಿಲ್ಲ. ಅದೇ ಪೊರಕೆ ಒಂದು ಕಡೆ ಗುಡಿಸುತ್ತದೆ, ಇನ್ನೊಂದು ಕಡೆ ಹ್ಯಾಂಡಲ್ಲಾಗುತ್ತದೆ.

ನನ್ನ ಪುಸ್ತಕದಲ್ಲೂ ಒಂದು ಗಾಡಿ ಇದೆ, ಹಳದಿ ಬಣ್ಣದ್ದು. ಕಿಟಕಿಯನ್ನು ಖಾಲಿ ಬಿಟ್ಟಿದ್ದೆ. ಮುಖ ಬರಿ ಎಂದು ಮಗಳು ಪಟ್ಟು ಹಿಡಿದಳು, ಇಲ್ಲದಿದ್ದರೆ ಎಣಿಕೆ ತಪ್ಪುತ್ತದಂತೆ. ಎರಡು ಮುಖ ಬರೆದೆ. ಒಬ್ಬನ ಮೊಣಕಾಲಿಗೆ ಬಟ್ಟೆ ಕಟ್ಟಿದೆ. ಇನ್ನೊಬ್ಬಳು ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದಕ್ಕೆ ಬೀಸುತ್ತಿದ್ದಾಳೆ.

ನಿನ್ನೆ ರಾತ್ರಿ ಪೂರ್ತಿ ಓದಿದೆವು. ಕೊನೆಯ ಜೋಡಿಪುಟದಲ್ಲಿ ಗೆರೆ ದಾಟಿದವರು ಒಂಬತ್ತು. ಗಾಡಿಯ ಕಿಟಕಿಯಲ್ಲಿ ಇಬ್ಬರು. ಹನ್ನೊಂದು ಎಂದಳು. ಪುಟ ಮುಗಿದಿತ್ತು, ಆದರೂ ಅವಳು ಪುಸ್ತಕ ಮುಚ್ಚಲಿಲ್ಲ. ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿದ ಕಪ್ಪು ಹಾಳೆಯನ್ನು ದೀಪದ ಕಡೆಗೆ ತಿರುಗಿಸಿ ಹಿಡಿದಳು. ಅಲ್ಲಿ ಕತ್ತಲಾದ ದಾರಿ, ಬಾಗಿದ ಹುಲ್ಲು, ಒಂದು ಕೆಂಪು ಸೈಕಲ್, ಅದರ ಹಿಂದೆ ಅವಳೇ ಕ್ರೇಯಾನಿನಲ್ಲಿ ಒತ್ತಿ ಒತ್ತಿ ಬರೆದ ಕೆಂಪು ಚುಕ್ಕೆ.

"ಹನ್ನೆರಡು," ಎಂದು ಪುಸ್ತಕ ಮುಚ್ಚಿಟ್ಟಳು. ಪಂಪು ಒತ್ತುವ ಹುಡುಗನ ಅಂಗಿಗೆ ಬಣ್ಣ ಇನ್ನೂ ಹಚ್ಚಿಲ್ಲ.